ಎರಡು ಕಣ್ಣು ಒಂದೇ ಕಡೆ

ಮನುಷ್ಯನ ಮುಖದಲ್ಲಿ ಕಣ್ಣುಗಳು ಎಲ್ಲಿರಬೇಕು ಎಂಬ ವಿಷಯದಲ್ಲಿ ಸ್ಟುಡಿಯೋದವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೂಗಿನ ಆಚೆಗೊಂದು, ಈಚೆಗೊಂದು. ಎರಡೂ ತೆರೆದಿರಬೇಕು, ಎರಡು ಕಿವಿಯೂ ಕಾಣಬೇಕು, ನಗಬಾರದು. ಬಸ್ ನಿಲ್ದಾಣದ ಎದುರಿನ ಚಿಕ್ಕ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತಲೇ ತಲೆ ನರೆಸಿಕೊಂಡ ಅವರಿಗೆ ಇದು ವೇದವಾಕ್ಯ. (ಮದುವೆಯಾದ ಹೊಸದರಲ್ಲಿ ಹೆಂಡತಿ ನಾಚಿ ತಲೆ ತಗ್ಗಿಸಿದಾಗ ಇವರು ಆಡಿದ ಮೊದಲ ಪ್ರೇಮದ ಮಾತು, "ಅಷ್ಟು ಕೆಳಗೆ ಬೇಡ.")

ಇಂಥವರ ಮನೆಗೆ ಪಿಕಾಸೊ ಬಂದು ವಕ್ಕರಿಸಿದ್ದು ಮಗಳ ಶಾಲೆಯ ಚೀಲದಲ್ಲಿ.

ಮಗಳು ಮೂರನೇ ತರಗತಿ. ಎಲ್ಲರ ಬಾಯಲ್ಲೂ ಪುಟ್ಟಿ. ಅವಳ ಡ್ರಾಯಿಂಗ್ ಟೀಚರ್ ಒಬ್ಬೊಬ್ಬ ದೊಡ್ಡ ಚಿತ್ರಕಾರನ ಕಥೆ ಹೇಳಿ, ಮಕ್ಕಳಿಂದ ಅವನ ರೀತಿಯಲ್ಲೇ ಚಿತ್ರ ಬರೆಸುತ್ತಿದ್ದರು. ಸೂರ್ಯಕಾಂತಿ ಮುಗಿದಿತ್ತು, ಸುಳಿಸುಳಿಯಾದ ಆಕಾಶ ಮುಗಿದಿತ್ತು. ಈಗ ಪಿಕಾಸೊನ ಸರದಿ, ಶಾಲೆಯ ಪ್ರದರ್ಶನಕ್ಕೆ ಮುಖ ಬರೆಯಬೇಕಾಗಿತ್ತು.

"ಅಪ್ಪಾ, ಒಬ್ಬರನ್ನ ಆ ಕಡೆಯಿಂದಾನೂ ಈ ಕಡೆಯಿಂದಾನೂ ಒಟ್ಟಿಗೇ ನೋಡಿದ್ರೆ ಹೇಗಿರತ್ತೋ ಹಾಗೆ ಬರೀಬೇಕಂತೆ. ಮನೇಲಿರೋರನ್ನೇ ನೋಡಿ ಬರೀಬೇಕು. ದೊಡ್ಡೋರು ಕೈ ಹಾಕಿದ್ರೆ ಆ ಚಿತ್ರಾನ ಗೋಡೆಗೆ ಹಾಕಲ್ವಂತೆ."

"ನಾನ್ಯಾಕೆ ಕೈ ಹಾಕ್ಲಿ?" ಎಂದರು ಸ್ಟುಡಿಯೋದವರು.

"ನೀವು ಕೈ ಹಾಕದೇ ಇರೋ ವಿಷಯ ಯಾವುದಿದೆ ಹೇಳಿ," ಎಂದಳು ಹೆಂಡತಿ ಒಳಗಿನಿಂದ.

ಆ ವಾರ ಹೆಂಡತಿಯ ತಾಯಿ, ಅಂದರೆ ಸ್ಟುಡಿಯೋದವರ ಅತ್ತೆ, ಮನೆಗೆ ಬಂದಿದ್ದರು. "ನನ್ನನ್ನೇ ಬರಿ ಕಂದಾ," ಎಂದು ಒಳ್ಳೆಯ ಸೀರೆ ಉಟ್ಟು ಕಿಟಕಿಯ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತೇಬಿಟ್ಟರು. ಸ್ಟುಡಿಯೋದವರು ಕೂತಲ್ಲಿಂದ ಎದ್ದರು. ಅತ್ತೆಯ ಸಿಟ್ಟು ಸಾಮಾನ್ಯದ್ದಲ್ಲ. ಹಿಂದೆ ಅಳಿಯ ತೆಗೆದ ಫೋಟೋದಲ್ಲಿ ತಮ್ಮ ಕಣ್ಣು ಮುಚ್ಚಿಹೋಗಿದೆಯೆಂದು ಎರಡು ವರ್ಷ ಮಾತು ಬಿಟ್ಟ ಮಹಾತಾಯಿ ಅವರು. (ಆ ಎರಡು ವರ್ಷ ಮನೆ ತಣ್ಣಗಿತ್ತು ಎಂಬುದು ಬೇರೆ ಮಾತು. ಅದನ್ನು ಸ್ಟುಡಿಯೋದವರು ಯಾರ ಮುಂದೆಯೂ ಆಡಿದವರಲ್ಲ.)

ಹಾಗಾಗಿ ಅಳಿಯ ಸುಮ್ಮನೆ ಕೂರಲಿಲ್ಲ. ಎಡಗಡೆಯ ಪರದೆ ಸರಿಸಿದರು. ಬಲಗಡೆಗೆ ಓಡಿ ಬಿಳಿ ದುಪ್ಪಟಿ ಹಿಡಿದು ಬೆಳಕು ಬೀಳಿಸಿದರು. ಮತ್ತೆ ಎಡಕ್ಕೆ ಬಂದು ಸೆರಗು ಸರಿಮಾಡಿ ಎಂದರು. ಮತ್ತೆ ಬಲಕ್ಕೆ.

"ಅತ್ತೆ, ಗಲ್ಲ ಸ್ವಲ್ಪ ಕೆಳಗೆ."

"ನನ್ನ ಗಲ್ಲ ಎಲ್ಲಿರ್ಬೇಕೋ ಅಲ್ಲೇ ಇದೆ ಅಳಿಯಂದಿರೇ. ನೀವು ಒಂದು ಕಡೆ ಇದ್ರೆ ಸಾಕು."

"ಇರ್ಲಿ ಬಿಡಜ್ಜಿ, ಅಪ್ಪ ಓಡಾಡ್ಲಿ," ಎಂದಳು ಪುಟ್ಟಿ ಕುಂಚ ಕಚ್ಚಿಕೊಂಡು. ತನ್ನ ಕಾಳಜಿ ಮಗಳಿಗಾದರೂ ಅರ್ಥವಾಯಿತಲ್ಲ ಎಂದು ಸ್ಟುಡಿಯೋದವರು ಇನ್ನೂ ಹುರುಪಿನಿಂದ ಓಡಾಡಿದರು.

ಮರುದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಚಿತ್ರ ಮೇಜಿನ ಮೇಲೆ ಒಣಗುತ್ತಿತ್ತು. ನೋಡಿದ ಸ್ಟುಡಿಯೋದವರು ಕುರ್ಚಿ ಹಿಡಿದುಕೊಂಡರು. ಹಸಿರು ಮುಖ. ಬಾಯಿ ಹಳೆಯ ಚೀಲದಂತೆ ತೆರೆದಿದೆ. ಒಂದು ಕಿವಿ ಗಲ್ಲದ ಹತ್ತಿರ ಜಾರಿದೆ. ಎರಡು ಕಣ್ಣೂ ಮೂಗಿನ ಒಂದೇ ಕಡೆ, ಬಸ್ಸಿನಲ್ಲಿ ಒಂದೇ ಸೀಟಿಗೆ ಜಗಳವಾಡುವವರಂತೆ ಒತ್ತಿಕೊಂಡು ಕೂತಿವೆ. ಚಿತ್ರವನ್ನು ಗೋಡೆಯ ಮೇಲೇ ನೋಡುತ್ತೇನೆಂದು ಹಟ ಹಿಡಿದಿದ್ದ ಅತ್ತೆಯೂ ಪ್ರದರ್ಶನಕ್ಕೆ ಬರುವವರಿದ್ದರು. ಕಣ್ಣು ಮುಚ್ಚಿದ್ದಕ್ಕೆ ಎರಡು ವರ್ಷ. ಕಣ್ಣು ಜಾಗವನ್ನೇ ಬಿಟ್ಟು ಎದ್ದು ಹೋದರೆ ಎಷ್ಟು?

ಅತ್ತೆ ಮಲಗಿದ್ದರು. ಹೆಂಡತಿ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಪುಟ್ಟಿ ಶಾಲೆಯಲ್ಲಿ. 'ಒಂದೇ ಒಂದು ಕಣ್ಣು, ಅದರ ಜಾಗಕ್ಕೆ. ಯಾರಿಗೆ ಗೊತ್ತಾಗುತ್ತೆ?' ಸ್ಟುಡಿಯೋದವರು ಸಣ್ಣ ಕುಂಚ ಎತ್ತಿಕೊಂಡರು. ಎರಡರಲ್ಲಿ ಒಂದು ಕಣ್ಣನ್ನು ಹಸಿರಿನಿಂದ ಮುಚ್ಚಿದರು. ಅದು ಇಣುಕಿತು. ಮತ್ತೆ ಬಳಿದರು. ಮತ್ತೆ ಇಣುಕಿತು. ಹಸಿರು ಟ್ಯೂಬಿನ ಹೊಟ್ಟೆ ಹಿಂಡಿ ಹಿಂಡಿ ಅದನ್ನು ಹೂತರು. ಆಮೇಲೆ ಮೂಗಿನ ಆಚೆ ರೆಪ್ಪೆ, ಪಾಪೆ, ಪಾಪೆಯೊಳಗೆ ಬೆಳಕಿನ ಚುಕ್ಕೆ ಸಮೇತ ಲಕ್ಷಣವಾದ ಕಣ್ಣೊಂದನ್ನು ಕೂರಿಸಿ, ದೂರ ನಿಂತು, ಮನೆ ಉಳಿಯಿತು ಎಂದುಕೊಂಡರು.

ಸಂಜೆ ಪುಟ್ಟಿಯ ಚೀತ್ಕಾರಕ್ಕೆ ಪಕ್ಕದ ಮನೆಯ ಕಿಟಕಿ ತೆರೆಯಿತು.

"ಅಪ್ಪಾ! ಏನ್ ಮಾಡಿದೆ ನೀನು? ನಾಳೆ ಬೆಳಿಗ್ಗೆ ಕೊಡ್ಬೇಕು! ನಂದೊಂದೇ ಗೋಡೆ ಮೇಲೆ ಇರಲ್ಲ!"

"ಸರಿ ಮಾಡಿದೆ ಪುಟ್ಟಿ, ಅಷ್ಟೇ..."

"ಅದು ಸರಿಯಾಗೇ ಇತ್ತು!"

ಅಳುತ್ತಲೇ ಅವಳು ಹೂತ ಕಣ್ಣನ್ನು ಇದ್ದಲ್ಲೇ ಮತ್ತೆ ಬರೆದಳು. ಅಪ್ಪನ ಕಣ್ಣನ್ನು ಮುಚ್ಚೋಣವೆಂದರೆ ಹಸಿರು ಮುಗಿದಿತ್ತು. ಸ್ಟುಡಿಯೋದವರು ಚಪ್ಪಲಿ ಸಿಕ್ಕಿಸಿಕೊಂಡು ಸ್ಟೇಷನರಿ ಅಂಗಡಿಗೆ ಓಡಿದರು. ಅದಕ್ಕೆ ಬೀಗ ಬಿದ್ದಿತ್ತು. ಏದುಸಿರು ಬಿಡುತ್ತಾ ಬರಿಗೈಯಲ್ಲಿ ಬಂದಾಗ ಹೆಂಡತಿ ಚಿತ್ರದ ಮುಂದೆ ನಿಂತಿದ್ದಳು. ಮುಖದಲ್ಲಿ ಈಗ ಮೂರು ಕಣ್ಣು.

"ಗಣಪನ್ನ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿದ್ರು ಅನ್ನೋದನ್ನ ಇಷ್ಟು ದಿನ ಬರೀ ಗಾದೆ ಅಂದ್ಕೊಂಡಿದ್ದೆ ಕಣ್ರೀ."

ಪ್ರದರ್ಶನದ ದಿನ ಸ್ಟುಡಿಯೋದವರು ಶಾಲೆಗೆ ಹೊರಟದ್ದು ತೀರ್ಪು ಕೇಳಲು ಹೋಗುವವರ ಹಾಗೆ. ಚಿತ್ರ ಗೋಡೆಯ ಮೇಲೆ ಇಲ್ಲದಿದ್ದರೆ ಮಗಳಿಗೆ ಮುಖ ತೋರಿಸುವಂತಿಲ್ಲ. ಇದ್ದರೆ ಅತ್ತೆಗೆ ತೋರಿಸುವಂತಿಲ್ಲ.

ತರಗತಿಯ ಬಾಗಿಲಲ್ಲಿ ಡ್ರಾಯಿಂಗ್ ಟೀಚರ್ ನಿಂತಿದ್ದರು. ಹಿಂದೆಂದೂ ಇವರನ್ನು ನೋಡಿದವರಲ್ಲ. ಆದರೂ ಕಂಡ ಕೂಡಲೇ ಮುಖ ಅರಳಿತು.

"ಬನ್ನಿ ಬನ್ನಿ! ನೀವು ಪುಟ್ಟಿ ಅಪ್ಪ ಅಲ್ವಾ? ಥೇಟ್ ಚಿತ್ರದಲ್ಲಿರೋ ಹಾಗೇ ಇದೀರಿ."

"ನಾನಾ? ಅದು ನಮ್ಮ ಅತ್ತೆ..." ಎನ್ನುತ್ತಿದ್ದ ಹಾಗೆ ಅವರ ಕಣ್ಣು ಗೋಡೆಯ ಮೇಲೆ ಬಿತ್ತು. ಚಿತ್ರ ಇತ್ತು! ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ಅದರ ಮುಂದೆ ಅತ್ತೆ ಆಗಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಇದು ಅಳಿಯಂದಿರೇ!" ಎಂದರು. "ಈ ಬಾಯಿ ನನಗೆ ಗೊತ್ತಿಲ್ವಾ? ಅಲ್ವೇ ಕಂದಾ, ಹಾಗಾದ್ರೆ ನಾನು ಬೆನ್ನು ನೋಯಿಸ್ಕೊಂಡು ಕೂತಿದ್ದು ಯಾಕೆ?"

"ಅಜ್ಜಿ, ನೀನು ಅಲ್ಲಾಡ್ಲೇ ಇಲ್ಲ. ಒಂದು ಕಡೆ ಮಾತ್ರ ಕಾಣ್ತಿದ್ದೆ. ಅಪ್ಪ ಆ ಕಡೆ ಈ ಕಡೆ ಓಡಾಡ್ತಾನೇ ಇದ್ದನಲ್ಲ, ಎರಡೂ ಕಡೆಯಿಂದ ಕಂಡ. ಅದಕ್ಕೇ ಅವನನ್ನೇ ಬರೆದೆ."

ಅತ್ತೆ ಚಿತ್ರದ ಹತ್ತಿರಕ್ಕೆ ಬಗ್ಗಿ ನೋಡಿದರು. ಮರುಕ್ಷಣ ಅತ್ತೆಯ ಭುಜಗಳು ಕುಣಿಯತೊಡಗಿದವು. ಸೆರಗಿನಿಂದ ಕಣ್ಣೊರೆಸಿಕೊಂಡರೂ ನಗು ನಿಲ್ಲಲಿಲ್ಲ. "ಕಿವಿ ನೋಡೇ, ಕಿವಿ!" ಎಂದು ಮಗಳ ತೋಳು ಹಿಡಿದುಕೊಂಡರು. ಹೆಂಡತಿ ತಾಯಿಗಿಂತ ಜೋರಾಗಿ ನಕ್ಕಳು. ಈ ನಗುವಿಗೋಸ್ಕರ ಇನ್ನೂ ನಾಲ್ಕು ಕಿವಿ ಜಾರಿಸಿದರೂ ಸ್ಟುಡಿಯೋದವರು ಬೇಡ ಎನ್ನುತ್ತಿರಲಿಲ್ಲ.

ಆಗ ಅವರಿಗೆ ಕಂಡಿತು. ಮೂಗಿನ ಆಚೆ, ತಾವು ಬರೆದ ಲಕ್ಷಣವಾದ ಕಣ್ಣಿನ ಮೇಲೆ ಒಂದು ಹಳದಿ ಕಾಗದದ ಚೂರು ಅಂಟಿಸಿತ್ತು.

"ಅದೊಂದು ಕಣ್ಣು ಮಗು ಕೈಯದಲ್ಲ," ಟೀಚರ್ ದನಿ ತಗ್ಗಿಸಿದರು. "ಕೇಳಿದ್ದಕ್ಕೆ ಅಪ್ಪ ಬರೆದಿದ್ದು ಅಂತ ಪುಟ್ಟಿನೂ ಒಪ್ಕೊಂಡ್ಳು. ಉಳಿದಿದ್ದೆಲ್ಲ ಅವಳದೇ, ಚೆನ್ನಾಗಿದೆ. ಅದಕ್ಕೆ ಆ ಕಣ್ಣು ಮುಚ್ಚಿ ಹಾಕ್ದೆ. ಏನೂ ತಿಳ್ಕೋಬೇಡಿ, ಅದರಲ್ಲಿ ಜೀವಾನೇ ಇಲ್ಲ. ಪಾಸ್‌ಪೋರ್ಟ್ ಫೋಟೋದಲ್ಲಿ ಇರತ್ತಲ್ಲ, ಹಾಗೆ. ಅಂದ ಹಾಗೆ, ತಾವು ಏನ್ ಕೆಲಸ ಮಾಡ್ಕೊಂಡಿದೀರಿ?"

ಸ್ಟುಡಿಯೋದವರು ಹೆಂಡತಿಯ ಕಡೆ ನೋಡಲಿಲ್ಲ.

"ತರಕಾರಿ ಅಂಗಡಿ," ಎಂದರು.

"ಹೌದಾ?" ಟೀಚರ್ ಮುಖದಲ್ಲಿ ಕರುಣೆ ಉಕ್ಕಿತು. "ಹಾಗಾದ್ರೆ ಬಿಡಿ, ನಿಮ್ಮ ಕೈಲಿ ಅಷ್ಟು ಬಂದಿದ್ದೇ ಹೆಚ್ಚು."