ಮಿಂಚಿನ ಮೂಲ, ನನ್ನ ಹೊಟ್ಟೆಕಿಚ್ಚು

ಕನ್ನಡ ಪಂಡಿತನಾದವನಿಗೆ ಯಾವುದಾದರೊಂದು ಪದ ಗಂಟುಬೀಳುತ್ತಲೇ ಇರುತ್ತದೆ. ನನಗೆ ಬಿದ್ದದ್ದು ‘ಮಿಂಚು’. ಜೊತೆಗೆ ಒಬ್ಬ ಸೈನ್ಸ್ ಮೇಷ್ಟ್ರು. ನನಗೆ ಎಲ್ಲಿಗೆ ವರ್ಗವಾದರೂ ಹಿಂದೆಯೇ ಅವರೂ ಬರುತ್ತಿದ್ದರು.

ಕೊರಟಗೆರೆ: ಒಂದೇ ಬೇರು

ಅವರು ತಮ್ಮ ದಟ್ಟ ಕ್ರಾಪಿಗೆ ಬಾಚಣಿಗೆ ಉಜ್ಜಿ, ಕಾಗದದ ಚೂರು ಎಬ್ಬಿಸಿ, “ಮಿಂಚೂ ಹೀಗೇ ಹುಟ್ಟೋದು” ಎಂದರು. ಹುಡುಗರು ಬಾಯಿಬಿಟ್ಟುಕೊಂಡು ನೋಡಿದರು. ನಾನೂ ಅದನ್ನು ಮಾಡಬಲ್ಲೆ. ಆದರೆ ಅದಕ್ಕೆ ತಲೇಲಿ ಕೂದಲು ಬೇಕು.

ಮುಂದಿನ ಪೀರಿಯಡ್ಡು ನನ್ನದು. ಬಿಡುತ್ತೇನೆಯೇ? “ಮಿಂಚು, ಮಿನುಗು, ಮಿಣುಕು, ಎಲ್ಲದರ ಬೇರೂ ಒಂದೇ. ಹೊಳೆಯೋದು ಅಂತ ಅರ್ಥ” ಎಂದೆ.

ಹಿಂದಿನ ಬೆಂಚಿನವನು ನನ್ನ ತಲೆಯನ್ನೇ ನೋಡುತ್ತ ಎದ್ದುನಿಂತ. “ಸಾ, ಬೋಳು ಅನ್ನೋದೂ ಅದೇ ಬೇರಾ?”

ಶಿರಾ: ಬಿಜ್ಲಿ

ಒಂದು ದಿನ ಪಕ್ಕದ ಮನೆಯ ಬಳೆ ಸಾಬರು ಬೀದಿಯಿಂದಲೇ ಕೂಗಿದರು: “ಬಿಜ್ಲಿ ಬಂತು, ಬಿಜ್ಲಿ!”

ಬಿಜ್ಲಿ ಅಂದರೆ ಮಿಂಚು ಅಂತ ನಾನೇ ಹಿಂದಿನ ವಾರ ಮನೆಯಾಕೆಗೆ ಹೇಳಿಕೊಟ್ಟಿದ್ದೆ. ಮಳೆ ಬಂತೆಂದು ಆಕೆ ಓಡಿಹೋಗಿ ಸಂಡಿಗೆಯನ್ನೆಲ್ಲ ಬಾಚಿ ತಂದಳು. ಹೊರಗೆ ನೆತ್ತಿ ಸುಡುವ ಬಿಸಿಲು.

“ಮೋಡದ್ದಲ್ಲಮ್ಮಾ, ತಂತೀದು. ಸೈನ್ಸ್ ಮೇಷ್ಟ್ರ ಮನೇಗೆ ಬಲ್ಬು ಹಾಕವ್ರೆ!” ಅಂದರು ಸಾಬರು.

ನಾನು ಹೊಟ್ಟೆಕಿಚ್ಚು ತೋರಿಸಿಕೊಳ್ಳದೆ, “ಉರ್ದೂನಲ್ಲಿ ಮಿಂಚಿಗೂ ಕರೆಂಟಿಗೂ ಒಂದೇ ಪದ ಕಣೇ” ಎಂದೆ.

“ಸರಿ ಬಿಡಿ. ಅವರ ಮನೆಗೆ ಕರೆಂಟು ಬಂತು. ನಮ್ಮನೆಗೆ ಪದ ಬಂತು.”

ಮಧುಗಿರಿ: ಬಿದ್ದ ಮಿಂಚು

ಇಲ್ಲಿ ಅವರು ಹೆಡ್‌ಮಾಸ್ಟರೇ ಆಗಿ ಬಂದರು. ನಾನು ನಿದ್ದೆಗೆಟ್ಟೆ.

ಒಂದು ಸಂಜೆ ಗುಡುಗಿ ಮಳೆಯಾಯಿತು. ಮರುದಿನ ಬೆಳಿಗ್ಗೆ ಹಾಲಿನವಳು ಬಂದು, “ಹೆಡ್ಮೇಷ್ಟ್ರ ಹಿತ್ಲಾಗೆ ಮಿಂಚು ಬಿದ್ದೋಗೈತಂತೆ, ಆವಮ್ಮ ಅಳ್ತಾ ಕುಂತವ್ಳೆ” ಅಂದಳು.

ಈ ಪದಕ್ಕಿರುವ ಅರ್ಥಗಳೆಲ್ಲ ನನಗೆ ಗೊತ್ತು. ಆದರೆ ಹೊಟ್ಟೆಕಿಚ್ಚು ತನಗೆ ಬೇಕಾದ್ದನ್ನೇ ಆರಿಸಿಕೊಂಡಿತು. ಮುಖ ಸಣ್ಣದು ಮಾಡಿಕೊಂಡು ಹೋದೆ. ಹೆಡ್‌ಮಾಸ್ಟರು ಬಟ್ಟೆ ಒಗೆಯುವ ಕಲ್ಲಿನ ಬಳಿ ಬಗ್ಗಿ ಏನೋ ತಡಕುತ್ತಿದ್ದರು.

“ಧೈರ್ಯ ತಂದುಕೊಳ್ಳಿ ಸಾರ್. ಎಲ್ಲ ದೇವರಿಚ್ಛೆ. ಏನಾದ್ರೂ ಉಳೀತಾ?”

“ಬಲಗಾಲಿಂದು ಉಳೀತು ಪಂಡಿತರೇ. ಎಡಗಾಲಿಂದು ಜಾರಿ ಬಿತ್ತು.”

ಆಗ ಅವರ ಹೆಂಡತಿಯ ಕಾಲು ನೋಡಿದೆ. ಬಲಗಾಲ ಬೆರಳಲ್ಲಿ ಬೆಳ್ಳಿ ಮಿಂಚು. ಎಡಗಾಲ ಬೆರಳು ಬರಿದು.

ಆಕೆ ಕಣ್ಣೊರೆಸಿಕೊಂಡು ಗಂಡನಿಗೆ ಹೇಳಿದರು: “ನೋಡಿದ್ರಾ? ಒಂದು ಕಾಲುಂಗುರ ಬಿದ್ದರೆ ಮನೆಬಾಗಿಲಿಗೆ ಬಂದು ಮರುಗ್ತಾರೆ. ಇವರಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚು ಅಂತೀರಲ್ಲಾ!”