ಎರಡು ಜನ್ಮದಿನದವಳ ಗಂಡನಿಂದ ಮಾದರಿ ಕಿಟಕಿಯವರಿಗೆ

ಸಂತಾನ ಚಿಕಿತ್ಸಾಲಯದ ಮೂರನೇ ಮಹಡಿಯಲ್ಲಿ, ‘ವೀರ್ಯ ಮಾದರಿ ಇಲ್ಲಿ ಕೊಡಿ’ ಎಂಬ ಫಲಕದಡಿಯ ಪುಟ್ಟ ಕಿಟಕಿಯ ಹಿಂದೆ ಕೂತು, ಗಂಡಸರ ಜಂಬವನ್ನೆಲ್ಲ ಒಂದೊಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಳಿಸಿಕೊಳ್ಳುತ್ತಿರುವ ಮಾನ್ಯರೇ, ಈ ಬಡಪಾಯಿಯ ಅನಂತ ವಂದನೆಗಳು.

ತಮ್ಮ ಶಿಸ್ತಿನ ಮೇಲೆ ನನ್ನದೊಂದು ದೂರಿದೆ. ಡಬ್ಬಿಯ ಮೇಲೆ ಗಂಡನೇ ಕೈಯಾರೆ ತನ್ನ ಹೆಸರು, ಹೆಂಡತಿಯ ಹೆಸರು, ಅವಳ ಹುಟ್ಟಿದ ದಿನ ಬರೆಯಬೇಕು, ತಮ್ಮಲ್ಲಿ ಇಬ್ಬರು ಅದನ್ನು ಗಟ್ಟಿಯಾಗಿ ಓದಿ ಫೈಲಿಗೆ ತಾಳೆ ನೋಡಬೇಕು, ಒಂದಕ್ಷರ ತಪ್ಪಿದರೂ ಒಳಗೆ ಬಿಡಬಾರದು. ಮನೆ ನಂಬರಿಲ್ಲದ ಕಾಗದಗಳನ್ನು ಇಪ್ಪತ್ತೊಂದು ವರ್ಷದಿಂದ ಹಿಂದಿರುಗಿಸುತ್ತ ಬಂದ ಅಂಚೆಯವನಾದ ನಾನು ಈ ಪದ್ಧತಿಯನ್ನು ಮೆಚ್ಚಲೇಬೇಕು. ಆದರೆ ಆ ಬೆಳಿಗ್ಗೆ ಮೆಚ್ಚುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಒಳಗೆ ನನ್ನ ಹೆಂಡತಿಯ ಅಂಡಾಣು ತೆಗೆಯುತ್ತಿದ್ದರು. ಹನ್ನೆರಡು ದಿನದ ಸೂಜಿಯಿಂದ ಅವಳ ಹೊಟ್ಟೆಯೆಲ್ಲ ನೀಲಿಗಟ್ಟಿತ್ತು; ಇದು ಮೂರನೇ ಸಲ, ಇನ್ನೊಂದು ಸಲ ನನ್ನಿಂದಾಗದು ಎಂದು ಮೊದಲೇ ಹೇಳಿದ್ದಳು. ನಾನು ಡಬ್ಬಿ ಕೊಟ್ಟೆ, ತಾವಿಬ್ಬರೂ ಓದಿದಿರಿ, ಆಮೇಲೆ ನನ್ನ ಮುಖ ನೋಡಿದಿರಿ. “ಹುಟ್ಟಿದ ದಿನ ಹೊಂದ್ತಾ ಇಲ್ಲ ಸರ್.”

ನಾನು ಬರೆದದ್ದು ಅತ್ತೆಯವರು ಅವಳನ್ನು ನಿಜಕ್ಕೂ ಹೆತ್ತ ದಿನ. ಫೈಲಿನಲ್ಲಿದ್ದದ್ದು ಮಗಳನ್ನು ಒಂದು ವರ್ಷ ಮೊದಲೇ ಶಾಲೆಗೆ ಸೇರಿಸಲು ಮಾವನವರು ಹೆಡ್ಮಾಸ್ತರರಿಗೆ ಕೊಟ್ಟ ದಿನ. ಹನ್ನೊಂದು ವರ್ಷದ ಸಂಸಾರದಲ್ಲಿ ಎಂಟು ಸಲ ಮರೆತ ದಿನಾಂಕವನ್ನು ತಮ್ಮೆದುರು ನೆನಪಿಟ್ಟು ಬರೆದ ಗಂಡನಿಗೆ ಸನ್ಮಾನ ಮಾಡುವ ಬದಲು, ತಾವು ಡಬ್ಬಿಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೇರೆಯಾಗಿಟ್ಟು, ಒಂದು ಗಂಟೆಯೊಳಗೆ ಇತ್ಯರ್ಥವಾಗದಿದ್ದರೆ ಉಪಯೋಗವಿಲ್ಲ ಎಂದಿರಿ. ನಾನು ಮದುವೆಯ ಫೋಟೋ ತೋರಿಸಿದೆ, ಅತ್ತೆಯವರನ್ನು ಫೋನಿನಲ್ಲಿ ಸಾಕ್ಷಿಯಾಗಿ ಹಾಜರುಪಡಿಸಿದೆ. ಅವರು ಹೆರಿಗೆಯ ಕಥೆಯನ್ನು ಮೊದಲಿನಿಂದ ಶುರುಮಾಡಿದರು. ತಾವು ಜಪ್ಪಯ್ಯ ಎನ್ನಲಿಲ್ಲ. ಗೋಡೆ ಗಡಿಯಾರದಲ್ಲಿ ನಲವತ್ತೊಂದು ನಿಮಿಷ ಕಳೆಯಿತು, ಆ ಹೊತ್ತಿನ ನನ್ನ ಭಯವನ್ನು ಯಾವ ಕಾಲಂನಲ್ಲಿ ತುಂಬಬೇಕೆಂದು ತಿಳಿಸುವ ಕೃಪೆ ಮಾಡಿ.

ಕೊನೆಗೆ ತಾವೇ ಎದ್ದು, ಅರಿವಳಿಕೆಯಿಂದ ಆಗಷ್ಟೇ ಎಚ್ಚರಗೊಂಡಿದ್ದ ಅವಳ ಮಂಚದ ಬಳಿ ಹೋಗಿ ಕೇಳಿದಿರಿ. ನಾಲಿಗೆ ತೊದಲುತ್ತಿದ್ದರೂ ಅವಳು ಹೇಳಿದ್ದು ಬಾಗಿಲಲ್ಲಿ ನಿಂತ ನನಗೂ ಕೇಳಿಸಿತು: “ಎರಡೂ ದಿನ ನಾನೇ ಹುಟ್ಟಿದ್ದು. ಅವರನ್ನ ಬೈಬೇಡಿ, ಪಾಪ.” ಇನ್ನೂ ಸ್ವಲ್ಪ ಹೊತ್ತು ಕಾದು, ಅವಳಿಗೆ ಪೂರ್ತಿ ಎಚ್ಚರವಾದ ಮೇಲೆ ಎರಡೂ ದಿನಾಂಕ ತನ್ನವೇ ಎಂದು ಸಹಿ ಪಡೆದು, ಗಂಟೆ ತುಂಬುವ ಮುನ್ನವೇ ಡಬ್ಬಿಯನ್ನು ಒಳಗೆ ತೆಗೆದುಕೊಂಡಿರಿ. ಅದರೊಳಗಿನ ಕೋಟಿ ಮಂದಿಯಲ್ಲಿ ಒಬ್ಬನನ್ನು ಆರಿಸುವಾಗ, ಅವನು ಫಾರಂ ತುಂಬುವುದರಲ್ಲಿ ನನ್ನನ್ನು ಹೋಲುವುದಿಲ್ಲವೆಂದು ಎರಡೆರಡು ಸಲ ಖಚಿತಪಡಿಸಿಕೊಂಡೇ ಒಳಗೆ ಬಿಟ್ಟಿದ್ದೀರೆಂದು ನಂಬಿದ್ದೇನೆ.

ನಿನ್ನೆ ರಕ್ತಪರೀಕ್ಷೆಯ ಫಲಿತಾಂಶ ಹೇಳಲು ಫೋನ್ ಮಾಡಿದ ತಾವು ಅದಕ್ಕೂ ಮೊದಲು ಹೆಂಡತಿಯ ಹುಟ್ಟಿದ ದಿನ ಕೇಳಿದಿರಿ. ಈ ಸಲ ನಾನು ಮಾವನವರ ದಿನಾಂಕವನ್ನೇ ಒಪ್ಪಿಸಿದೆ. “ಗರ್ಭ ನಿಂತಿದೆ ಸರ್, ಅವರಿಗೆ ಹೇಳಿ” ಎಂದಿರಿ. ಹೇಳಲು ನನ್ನಿಂದಾಗಲಿಲ್ಲ, ಫೋನನ್ನು ಅವಳ ಕೈಗಿತ್ತು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆದರೂ ದೂರನ್ನು ಹಿಂಪಡೆಯುವುದಿಲ್ಲ, ಅದಕ್ಕೂ ತಮ್ಮಲ್ಲಿ ಒಂದು ಫಾರಂ ಇದ್ದೇ ಇರುತ್ತದೆ.

ತಮ್ಮ ವಿಶ್ವಾಸಿ,
ಡಬ್ಬಿ ಕೊಟ್ಟು ಬೆವರಿದ ಅಂಚೆಯವನು

ತಾ.ಕ.: ಮಾದರಿ ಕೊಡುವ ಕೋಣೆಯ ಗೋಡೆತುಂಬ ತಮ್ಮಲ್ಲಿ ಹುಟ್ಟಿದ ಕೂಸುಗಳ ಫೋಟೋ ಅಂಟಿಸಿದ್ದೀರಿ. ಅಷ್ಟು ಮಕ್ಕಳು ಕಣ್ಣರಳಿಸಿ ನೋಡುತ್ತಿರುವಾಗ ಒಬ್ಬ ಮರ್ಯಾದಸ್ಥ ಗೃಹಸ್ಥ ಆ ಕೆಲಸವನ್ನು ಹೇಗೆ ಮಾಡಬೇಕೆಂದು ತಾವು ಯೋಚಿಸಿದಂತಿಲ್ಲ. ನಮ್ಮದರ ಫೋಟೋ ತಂದುಕೊಟ್ಟ ದಿನ ದಯವಿಟ್ಟು ಅದನ್ನು ಹೊರಗೆ, ಹೆಂಗಸರು ಕಾಯುವ ಬೆಂಚಿನ ಎದುರು ಹಾಕಿ. ಅಲ್ಲಿ ಅವಳು ಮೂರು ಸಲವೂ ಖಾಲಿ ಗೋಡೆ ನೋಡುತ್ತ ಕೂತಿದ್ದಳು.