ಕೊರಿಯನ್ ಸಂತೆಯಲ್ಲಿ ಭಾವೀ ಮಾವನವರ ದನಿ

ನನ್ನ ಮದುವೆಯ ಮಾತುಕತೆಯನ್ನು ಒಂದು ಕೊರಿಯನ್ ಮಾರ್ಕೆಟ್‌ನಲ್ಲಿ ಮುಗಿಸಿಬಿಡಬಹುದು ಎಂಬ ಐಡಿಯಾ ಹೊಳೆದಾಗ, ನನ್ನ ಬುದ್ಧಿವಂತಿಕೆಗೆ ನಾನೇ ದೃಷ್ಟಿ ತೆಗೆಸಿಕೊಳ್ಳಬೇಕು ಎನಿಸಿತ್ತು.

ಹಿನ್ನೆಲೆ ಇಷ್ಟೆ. ನಾನು, ಅಂದರೆ ಸುಮುಖ, ಅಮೆರಿಕದ ಪ್ಲೇನ್ಸ್‌ಬರೋ ಊರಿನ ಅಪಾರ್ಟ್‌ಮೆಂಟೊಂದರಲ್ಲಿರುವ ಬೆಂಗಳೂರಿನ ಹುಡುಗ. ನಾನು ಮದುವೆಯಾಗಬೇಕೆಂದಿರುವ ನಿಧಿ ಹತ್ತಿರದ ಮೆಟುಚೆನ್‌ನಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅವಳ ಅಪ್ಪ ಪಾಟೀಲ್ ಅಂಕಲ್ ಧಾರವಾಡದವರು, ಅರಿವಳಿಕೆ ಡಾಕ್ಟರು. ಆಪರೇಷನ್‌ಗೆ ಮುಂಚೆ ಜನರನ್ನು ಮಲಗಿಸುವುದು ಅವರ ವೃತ್ತಿ. ನನ್ನನ್ನು ನೋಡುವಾಗಲೂ, ಇವನಿಗೆ ಎಷ್ಟು ಡೋಸ್ ಬೇಕಾದೀತು ಎಂದು ಅಂದಾಜು ಮಾಡುತ್ತಿರುವ ಹಾಗೆಯೇ ಕಾಣುತ್ತಾರೆ.

ನನ್ನ ಮೇಲೆ ಅವರಿಗಿದ್ದ ತಕರಾರು ಒಂದೇ. ಮಗಳ ಹತ್ತಿರ ಹೇಳಿದ್ದರಂತೆ: "ಹುಡುಗ ಚಲೋ ಇದ್ದಾನ. ಆದ್ರ ಅಂವಾ ಯಾವಾಗ ಖರೇ ಮಾತಾಡ್ತಾನ, ಯಾವಾಗ ಮಸ್ಕಿರಿ ಮಾಡ್ತಾನ, ಒಂದೂ ತಿಳ್ಯಂಗಿಲ್ಲ. ಅಂಥಾವಗ ಮಗಳನ್ನ ಹೆಂಗ ಕೊಡೂದು?"

ತಕರಾರಿನಲ್ಲಿ ಹುರುಳಿತ್ತು. ನಾನು ಮಿಮಿಕ್ರಿಯವನು. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಅಧ್ಯಕ್ಷರು ವೇದಿಕೆಯ ಮೇಲೆ ಭಾಷಣ ಮುಗಿಸುವ ಮೊದಲೇ, ಅದೇ ಭಾಷಣವನ್ನು ಅವರದೇ ದನಿಯಲ್ಲಿ ಕೊನೆಯ ಸಾಲಿನಲ್ಲಿ ಕುಳಿತು ಮುಗಿಸಿ ವಂದನಾರ್ಪಣೆಯನ್ನೂ ಮಾಡಿಬಿಟ್ಟವನು. ಆದರೆ ಈಗ ಅಂಕಲ್ "ಹೂಂ" ಎನ್ನಬೇಕಿತ್ತು. ಅವರ ಹೂಂ ಬರದೆ ಬೆಂಗಳೂರಿನಿಂದ ನನ್ನ ಅಪ್ಪ ಅಮ್ಮ ಟಿಕೆಟ್ ಬುಕ್ ಮಾಡುವ ಹಾಗಿರಲಿಲ್ಲ.

ದಾರಿ ತೋರಿಸಿದವರು ನಿಧಿಯ ಅಮ್ಮ ಶಶಿಕಲಾ ಆಂಟಿ. ಅವರು ಕೊರಿಯನ್ ಸೀರಿಯಲ್ ನೋಡಿ ಕಣ್ಣೊರೆಸಿಕೊಳ್ಳುವವರು. "ಅವರು ಸಂತ್ಯಾಗ ಸಣ್ಣ ಸ್ಟೂಲ್ ಮ್ಯಾಲೆ ಕುಂತು ಬಿಸಿ ಬಿಸಿ ತಿಂತಾರಲ್ಲ, ಹಂಗ ಒಮ್ಮೆ ತಿನ್ನಬೇಕು ನೋಡ್ರಿ" ಎಂದಿದ್ದರು. ತಡಮಾಡಲಿಲ್ಲ. ಫ್ಲಶಿಂಗ್ ಕಡೆಯ ಒಂದು ಹಳೆಯ ಕೊರಿಯನ್ ಮಾರ್ಕೆಟ್‌ನಲ್ಲಿ ಗೈಡ್ ಜೊತೆ ನಡೆದು ತಿನ್ನುವ ಟೂರ್ ಹುಡುಕಿ, ನಾಲ್ವರಿಗೂ ವೆಜಿಟೇರಿಯನ್ ಎಂದು ಟಿಕ್ ಮಾಡಿ ಬುಕ್ ಮಾಡಿದೆ.

ನಿಧಿ ಎಚ್ಚರಿಸಿದಳು. "ಒನ್ ಕಂಡೀಶನ್. ನೋ ಮಿಮಿಕ್ರಿ ಟುಡೇ. ನಾಟ್ ಈವನ್ ದ ಜಿಪಿಎಸ್ ಲೇಡಿ."

"ಪ್ರಾಮಿಸ್" ಎಂದೆ. ಜಿಪಿಎಸ್ ಲೇಡಿಯ ದನಿಯಲ್ಲಿ!

ಅಂಕಲ್ ಕಾರಿನಲ್ಲಿ ಹೋಗೋಣ ಎಂದರು. "ಆಕ್ಚುಲಿ ಅಂಕಲ್, ಅಲ್ಲಿ ಪಾರ್ಕಿಂಗ್ ಸಿಗಲ್ಲ. ಟ್ರೈನೇ ಬೆಸ್ಟು. ನಾನಿದ್ದೀನಲ್ಲ" ಎಂದೆ. ಮೆಟುಚೆನ್‌ನಲ್ಲಿ ಹತ್ತಿ ಮ್ಯಾನ್‌ಹ್ಯಾಟನ್‌ನಲ್ಲಿ ಇಳಿಯುವವರೆಗೆ ನಾನಿದ್ದೆ. ಆಮೇಲೆ ಸಬ್‌ವೇ ನಮ್ಮನ್ನು ಕ್ವೀನ್ಸ್‌ನ ನಡುವೆ ಇಳಿಸಿ, ಶನಿವಾರ ಹಳಿ ರಿಪೇರಿ, ಮುಂದಕ್ಕೆ ಬಸ್ಸಿನಲ್ಲಿ ಹೋಗಿ ಎಂದಿತು. ಬಸ್ಸು ಜನರಿಂದ ತುಂಬಿ, ಉಸಿರಾಡಲೂ ಸರದಿಯಲ್ಲಿ ನಿಲ್ಲಬೇಕಾದಂತಿತ್ತು. ಜ್ಯಾಕ್ಸನ್ ಹೈಟ್ಸ್ ದಾಟುವಾಗ ಕಿಟಕಿಯಲ್ಲಿ ಸೀರೆ ಅಂಗಡಿಗಳೂ ದೋಸೆಯ ಬೋರ್ಡುಗಳೂ ಕಂಡವು.

"ಇಲ್ಲೇ ಇಳದ್ರ ಆಗೂದಿಲ್ಲೇನ್ರಿ?" ಆಂಟಿ ಆಸೆಯಿಂದ ಕೇಳಿದರು.

"ಇನ್ನೇನು ಬಂತು ಆಂಟಿ" ಎಂದೆ. ಬರಲಿಲ್ಲ. ಬಸ್ಸು ನಮ್ಮನ್ನು ಬಿಟ್ಟಲ್ಲಿಂದ ನಡೆದೆವು. ನಡೆದ ಮೇಲೆ ಅದು ತಪ್ಪು ದಿಕ್ಕು ಎಂದು ತಿಳಿಯಿತು. ವಾಪಸ್ ನಡೆದೆವು. ಹೀಗೆ, ನಡೆದು ತಿನ್ನುವ ಟೂರ್‌ನಲ್ಲಿ ನಡೆಯುವ ಭಾಗವನ್ನೆಲ್ಲ ನಾನು ಮೊದಲೇ ಮುಗಿಸಿಕೊಟ್ಟೆ.

ಗೈಡ್ ಹೆಸರು ಗ್ರೇಸ್. ಹಳದಿ ಛತ್ರಿ ಎತ್ತಿ ಹಿಡಿದ, ಸದಾ ಉತ್ಸಾಹದ ಕೊರಿಯನ್ ಹುಡುಗಿ. ಅವಳ ಕೊರಳಲ್ಲಿ ಪುಟ್ಟ ಮೈಕ್ ಪೆಟ್ಟಿಗೆ ತೂಗುತ್ತಿತ್ತು. ನಮಗೂ ಟೂರಿಗೆ ಬಂದಿದ್ದ ಬೇರೆ ಅಮೆರಿಕನ್ನರಿಗೂ ಒಂದೊಂದು ಇಯರ್‌ಪೀಸ್ ಕೊಟ್ಟಳು. ಅವಳು ಎಲ್ಲಿ ನಿಂತು ಪಿಸುಗುಟ್ಟಿದರೂ ಗುಂಪಿನವರೆಲ್ಲರ ಕಿವಿಗೆ ಕೇಳುವ ವ್ಯವಸ್ಥೆ.

ಮೊದಲ ಅಂಗಡಿಯಲ್ಲಿ ಹೆಸರುಬೇಳೆ ರುಬ್ಬಿ ಹುಯ್ದ ದಪ್ಪ ದೋಸೆಯಂಥದ್ದು ಬಂತು. ಅಂಕಲ್ ಕನ್ನಡಕವನ್ನು ಹಣೆಗೇರಿಸಿ, ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು: "ಏನಪಾ ಅಂದ್ರ... ಇದು ನಮ್ಮ ಹೆಸರಿನ ದ್ವಾಶಿ."

ಮುಂದಿನ ಅಂಗಡಿಯಲ್ಲಿ ಅಕ್ಕಿಹಿಟ್ಟಿನ ಉರುಟು ಕಡುಬುಗಳು ಕೆಂಡದಂಥ ಕೆಂಪು ಸಾರಿನಲ್ಲಿ ಕುದಿಯುತ್ತಿದ್ದವು. ಕನ್ನಡಕ ಹಣೆಗೆ. ಕಣ್ಣು ಬಂದ್. ಗಂಟಲು. "ಏನಪಾ ಅಂದ್ರ... ಇದು ನಮ್ಮ ಕೆಂಪು ಮೆಣಸಿನಕಾಯಿ ರಂಜಕ."

ಅದರ ಮುಂದಿನದರಲ್ಲಿ ಒಳಗೆ ಸಕ್ಕರೆ ಪಾಕ ತುಂಬಿದ ರೊಟ್ಟಿ. "ಹೋಳಗಿ! ಬ್ಯಾಳಿ ಹಾಕೂದ ಮರತಾರ, ಅಷ್ಟ."

ಮಧ್ಯಾಹ್ನದ ಹೊತ್ತಿಗೆ ಇಡೀ ಕೊರಿಯಾ ಧಾರವಾಡದ ಒಂದು ಬಡಾವಣೆಯಾಗಿತ್ತು. ನನ್ನ ಗಂಟಲು ಒಳಗಿನಿಂದಲೇ ತುರಿಸತೊಡಗಿತ್ತು. ಇಂಥ ಚಿನ್ನದಂಥ ಸರಕು ಕಣ್ಣೆದುರು ಓಡಾಡುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು ಸಾಮಾನ್ಯ ತಪಸ್ಸಲ್ಲ.

ಅಷ್ಟರಲ್ಲಿ ನನಗೆ ಇನ್ನೊಂದು ಗಂಡಾಂತರ ಒದಗಿತು. ರಂಜಕದ ಅಂಗಡಿಯ ಅಜ್ಜಿ ನನ್ನ ತಟ್ಟೆ ಖಾಲಿಯಾದೊಡನೆ ಮತ್ತೆ ತುಂಬಿಸಿದ್ದಳು. ತಟ್ಟೆಯಲ್ಲಿ ಬಿಡಬಾರದು ಎಂದು ನನ್ನನ್ನು ಬೆಳೆಸಿದ್ದಾರೆ. ತಟ್ಟೆ ಖಾಲಿ ಇರಬಾರದು ಎಂದು ಆಕೆಯನ್ನು ಬೆಳೆಸಿದ್ದಾರೆ. ನಾನು ಖಾಲಿ ಮಾಡಿದೆ, ಆಕೆ ತುಂಬಿಸಿದಳು. ಮತ್ತೆ ಖಾಲಿ ಮಾಡಿದೆ, ಮತ್ತೆ ತುಂಬಿಸಿದಳು. ಎರಡು ಪ್ರಾಚೀನ ಸಂಸ್ಕೃತಿಗಳ ಈ ಘನಘೋರ ಯುದ್ಧದಲ್ಲಿ ಗಾಯಗೊಂಡದ್ದು ನನ್ನ ಹೊಟ್ಟೆ. ಮೇಲಾಗಿ "ಪಾಪ, ಹುಡುಗ ತಿಂತಾನ" ಎಂದು ಆಂಟಿ ಪ್ರತಿ ಅಂಗಡಿಯಲ್ಲೂ ತಮ್ಮ ಪಾಲಿನ ಅರ್ಧವನ್ನು ನನಗೇ ದಾಟಿಸುತ್ತಿದ್ದರು. ಬೇಡ ಎನ್ನಲು ನನಗೇನು ಹಕ್ಕಿದೆ? ಅವರ ಮಗಳನ್ನೇ ಕೇಳುವವನು ಅವರ ಹೋಳಿಗೆ ಬೇಡ ಎನ್ನಲಾದೀತೆ?

ಕೊನೆಗೆ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಸಿದೆ. ಕಿವಿ ನೋಯುತ್ತಿದ್ದುದರಿಂದ ಇಯರ್‌ಪೀಸನ್ನು ಆಗಲೇ ಕಿತ್ತು ಜೇಬಿಗೆ ಹಾಕಿದ್ದೆ. ನಿಧಿಯೂ ತನ್ನದನ್ನು ತೆಗೆದು ಪಕ್ಕದಲ್ಲಿ ಕುಳಿತಳು. ಉಳಿದವರು ಉಪ್ಪಿನಕಾಯಿ ಜಾಡಿಗಳನ್ನು ನೋಡಲು ಪಕ್ಕದ ಓಣಿಗೆ ಹೋಗಿದ್ದರು. ಗ್ರೇಸ್ ಓಡಿಬಂದಳು. ಕೊನೆಯ ಅಂಗಡಿಯಲ್ಲಿ ಕುದಿಯುವ ಸೂಪಿನ ಬೋಗುಣಿಗಳನ್ನು ಸಾಗಿಸಲು ಕೈಜೋಡಿಸಬೇಕಿತ್ತಂತೆ, ಕೊರಳಲ್ಲಿ ತೂಗುವ ಪೆಟ್ಟಿಗೆ ಅಡ್ಡ ಬರುತ್ತಿತ್ತಂತೆ. "ಒಂದು ನಿಮಿಷ ಇಟ್ಟುಕೊಂಡಿರ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿ, ಅದನ್ನು ನನ್ನ ಕೊರಳಿಗೆ ಹಾಕಿ ಹೊರಟುಹೋದಳು. ಹಾರ ಹಾಕಿಸಿಕೊಂಡ ಅತಿಥಿಯಂತೆ ಕುಳಿತೆ.

"ಡ್ಯಾಡ್ ಇಸ್ ಆಕ್ಚುಲಿ ಹ್ಯಾವಿಂಗ್ ಫನ್" ಎಂದಳು ನಿಧಿ. "ಆಸ್ಕ್ ಹಿಮ್ ಓವರ್ ದ ಸೂಪ್."

ಗೆದ್ದೆ ಎನಿಸಿತು. ಮೈ ಸಡಿಲವಾಯಿತು. ಸುತ್ತಲೂ ನೋಡಿದೆ. ಪರಿಚಯದವರು ಒಬ್ಬರೂ ಇಲ್ಲ. ಈ ದೇಶದಲ್ಲಿ ನಮ್ಮವರಿಗೆಲ್ಲ ಒಂದು ಭಂಡ ಧೈರ್ಯ ಇರುತ್ತದೆ. ಲಿಫ್ಟಿನಲ್ಲಿ ಪಕ್ಕದವನ ಟೋಪಿ ಬಗ್ಗೆ, ಕ್ಯೂನಲ್ಲಿ ಮುಂದಿರುವವಳ ನಿಧಾನದ ಬಗ್ಗೆ ಗಟ್ಟಿಯಾಗಿ ಆಡಿಕೊಳ್ಳುತ್ತೇವೆ. ಕನ್ನಡ ತಾನೆ, ಯಾರಿಗೆ ತಿಳಿಯುತ್ತೆ!

ಇಲ್ಲದ ಕನ್ನಡಕವನ್ನು ಹಣೆಗೇರಿಸಿದೆ. ಗಂಟಲು ಸರಿಮಾಡಿಕೊಂಡೆ.

"ಏನಪಾ ಅಂದ್ರ... ಈ ಹುಡುಗನೂ ನಮ್ಮ ಕಡೇಂವನ. ಬೆಂಗಳೂರಿಗೆ ಹೋಗಿ ಕೆಟ್ಟಾನ, ಅಷ್ಟ. ಮೊದಲ ಇವಗ ಒಂದು ಇಂಜೆಕ್ಷನ್ ಕೊಡ್ತೀನಿ. ಎದ್ದ ಮ್ಯಾಲೆ 'ಮದುವಿ ಬ್ಯಾಡ' ಅಂದ್ರ ಹುಡುಗ ಶಾಣ್ಯಾ ಇದ್ದಾನ. 'ಬೇಕು' ಅಂದ್ರ ಡೋಸ್ ಕಮ್ಮಿ ಬಿದ್ದದ!"

ನಿಧಿ ಕಂಡೀಶನ್ ಮರೆತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಲಾವಿದನಿಗೆ ಅಷ್ಟು ಸಾಕು. ಮುಂದುವರಿಸಿದೆ.

"ಶಶೀ, ನೋಡಿಲ್ಲೆ! ಈ ಸ್ಟೂಲ್ ಅದಲ್ಲ, ಇದೂ ನಮ್ಮದ. ಈ ಛತ್ರೀನೂ ನಮ್ಮದ. ಈ ಕೊರಿಯಾದವರು ಅದಾರಲ್ಲ, ಇವರ ಅಡ್ಡಹೆಸರೂ ಮೂಲದಾಗ ಪಾಟೀಲ ಅಂತನ ಇತ್ತು!"

ನಿಧಿಯ ನಗು ಕತ್ತರಿಸಿದಂತೆ ನಿಂತಿತು. ಅವಳು ನನ್ನ ಭುಜದ ಹಿಂದೆ ನೋಡುತ್ತಿದ್ದಳು.

ತಿರುಗಿದೆ. ಓಣಿಯ ತುದಿಯಲ್ಲಿ ಇಡೀ ಗುಂಪು ಕಿವಿಯಲ್ಲಿ ಇಯರ್‌ಪೀಸ್ ಇಟ್ಟುಕೊಂಡು ನಿಂತಿತ್ತು. ಅವರು ನನ್ನನ್ನು ನೋಡುತ್ತಿದ್ದರೆ ಸಹಿಸಬಹುದಿತ್ತು. ಎಲ್ಲರೂ ಪಾಟೀಲ್ ಅಂಕಲ್‌ರನ್ನು ನೋಡುತ್ತಿದ್ದರು! ಆಂಟಿಯನ್ನು ಬಿಟ್ಟರೆ ಅವರಲ್ಲಿ ಒಬ್ಬರಿಗೂ ಒಂದಕ್ಷರ ಕನ್ನಡ ಬಾರದು. ಆದರೂ ಅದು ಯಾರು ಎಂದು ಪ್ರತಿಯೊಬ್ಬರಿಗೂ ತಿಳಿದಿತ್ತು. ಕಲಾವಿದನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೆ? ಭಾವೀ ಅಳಿಯನಿಗೆ ಇದಕ್ಕಿಂತ ದೊಡ್ಡ ಗುಂಡಿ ಬೇಕೆ?

ವಯಸ್ಸಾದ ಅಮೆರಿಕನ್ನನೊಬ್ಬ ಪಾಟೀಲ್ ಅಂಕಲ್‌ರ ಭುಜ ಮುಟ್ಟಿ, ಬಹಳ ವಿನಯದಿಂದ ಕೇಳಿದ: "ಸರ್, ಇಸ್ ದಟ್ ಯೂ?"

ಅಂಕಲ್‌ರ ಕನ್ನಡಕ ಹಣೆಯ ಮೇಲೇ ಇತ್ತು. ಅದನ್ನು ನಿಧಾನವಾಗಿ ಕೆಳಗಿಳಿಸಿದರು. ತೀರ್ಪು ಕೊಡದೆ ಅವರು ಅದನ್ನು ಇಳಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಕೊನೆಯ ಅಂಗಡಿಯ ಉದ್ದನೆಯ ಮೇಜಿಗೆ ಎಲ್ಲರೂ ಬಂದು ಕುಳಿತೆವು. ನನ್ನ ಮುಂದೆ ಸೂಪು ಕುದಿಯುತ್ತಿತ್ತು, ಅದರಾಚೆ ಅಂಕಲ್ ಕುಳಿತಿದ್ದರು. "ಅಂಕಲ್, ಸಾರಿ..." ಎಂದು ಬಾಯಿ ತೆರೆದೆ. ಅಂಕಲ್ ಕೈ ಚಾಚಿದರು.

"ಅದನ್ನ ಇಲ್ಲೆ ಕೊಡ್ರಿ."

ಮೈಕ್ ಕೊಟ್ಟೆ. ಅದನ್ನು ಕೊರಳಿಗೆ ಹಾಕಿಕೊಂಡು ಎದ್ದು ನಿಂತರು. ಒಂದು ಕೈ ಪ್ಯಾಂಟಿನ ಜೇಬಿಗೆ ಹೋಯಿತು. ಒಂದು ಭುಜ ಮೇಲಕ್ಕೇರಿತು. ಇನ್ನೊಂದು ಕೈ ತಲೆಯ ಮೇಲೆ ಇಲ್ಲದ ಕೂದಲನ್ನು ಹಿಂದಕ್ಕೆ ತಳ್ಳಿತು.

"ಆಕ್ಚುಲಿ ಅಂಕಲ್... ಟ್ರೈನು ಬೆಸ್ಟು ಅಂಕಲ್. ನಾನಿದ್ದೀನಲ್ಲ ಅಂಕಲ್. ಬಸ್ಸೂ ಬೆಸ್ಟೇ ಅಂಕಲ್... ಇದು ತಪ್ಪು ದಾರಿ ಅಲ್ಲ ಅಂಕಲ್, ಆಕ್ಚುಲಿ ಸೀನಿಕ್ ರೂಟು... ವಾಕಿಂಗ್ ಆರೋಗ್ಯಕ್ಕೆ ಒಳ್ಳೇದು ಅಂಕಲ್!"

ಮೇಜು ಗುಡುಗಿತು. ಆ ಅಮೆರಿಕನ್ ಮುದುಕ ಮೇಜು ಗುದ್ದಿ ನಕ್ಕ. ಆಂಟಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅದ್ಭುತ ಟೈಮಿಂಗ್! ನಿಧಿಯ ಕಡೆ ಬಾಗಿ ಕೇಳಿದೆ: "ಯಾರ ಮಿಮಿಕ್ರಿ ಇದು? ಎಲ್ಲೋ ನೋಡಿದ ಹಾಗಿದೆ."

ನಿಧಿ ನನ್ನನ್ನೇ ನೋಡಿದಳು. ಮೇಜಿನವರೆಲ್ಲ ನನ್ನನ್ನು ನೋಡಿದರು. ಸೂಪು ಬಡಿಸುತ್ತಿದ್ದ ಅಂಗಡಿಯಾಕೆ ಕೂಡ ಸೌಟನ್ನು ನನ್ನ ಕಡೆಗೇ ತೋರಿಸಿದಳು.

ಅಂಕಲ್ ಮೈಕ್ ತೆಗೆದು ಗ್ರೇಸ್ ಕೈಗೆ ಕೊಟ್ಟು ಕುಳಿತರು. "ಆತಲ್ಲ, ನಂದು ನೀವು ಮಾಡಿದ್ರಿ, ನಿಮ್ಮದು ನಾ ಮಾಡಿದೆ. ಈಗ ಮಸ್ಕಿರಿ ಸಾಕು. ಯಾತಕ್ಕ ಇಷ್ಟು ದೂರ ಕರಕೊಂಡು ಬಂದೀರಿ, ಖರೇ ಖರೇ ಹೇಳ್ರಿ."

ಎದ್ದು ನಿಂತೆ. ಹೊಟ್ಟೆ ಬಿರಿಯುತ್ತಿತ್ತು, ಕಾಲು ಸೋತಿತ್ತು. ಇನ್ನೊಬ್ಬರ ದನಿ ತೆಗೆಯುವ ಶಕ್ತಿಯೇ ಉಳಿದಿರಲಿಲ್ಲ. ಬಂದದ್ದು ಬಂತು.

"ಆಕ್ಚುಲಿ ಅಂಕಲ್... ನಾನು ಯಾರ ಥರ ಬೇಕಾದ್ರೂ ಮಾತಾಡ್ತೀನಿ. ಜನ ನಗ್ತಾರೆ, ಎದ್ದು ಹೋಗ್ತಾರೆ. ನಗು ಮುಗಿದ ಮೇಲೂ ಪಕ್ಕದಲ್ಲಿ ಕೂತಿರೋಳು ನಿಧಿ ಒಬ್ಬಳೇ ಅಂಕಲ್. ಅವಳು ಹಾಗೇ ಕೂತಿರಲಿ ಅಂತ ಆಸೆ. ಅದಕ್ಕೇ ಕೇಳೋಣ ಅಂತ..."

ಮೇಜಿನ ತುಂಬ ಚಪ್ಪಾಳೆ, ಶಿಳ್ಳೆ! ಗಾಬರಿಯಾಗಿ ನನ್ನನ್ನೇ ನೋಡಿಕೊಂಡೆ. ಒಂದು ಕೈ ಜೇಬಿನಲ್ಲಿತ್ತು, ಇನ್ನೊಂದು ಕೂದಲಿನಲ್ಲಿ, ಭುಜ ಮೇಲೆ. ಅವರೆಲ್ಲ ಇದನ್ನು ಎರಡನೇ ಅಂಕ ಎಂದುಕೊಂಡಿದ್ದರು.

ಅಂಕಲ್ ಒಬ್ಬರೇ ನಗಲಿಲ್ಲ. ನನ್ನ ಮುಖ ನೋಡಿದರು, ಆಮೇಲೆ ಮಗಳ ಮುಖ ನೋಡಿದರು. ಸೂಪಿನ ಬಟ್ಟಲನ್ನು ನನ್ನ ಕಡೆ ಸರಿಸಿದರು.

"ಹೂಂ" ಎಂದರು. "ಅಪ್ಪ ಅವ್ವಗ ಫೋನ್ ಮಾಡ್ರಿ. ಬರ್ಲಿ."

ನಿಧಿ ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ನನ್ನ ಕಣ್ಣು ಮಂಜಾಯಿತು. ಸೂಪಿನ ಹಬೆ ಎಂದು ಹೇಳಿಕೊಂಡೆ.

ಶಶಿಕಲಾ ಆಂಟಿ ಚಮಚೆಯ ಸೂಪಿಗೆ ನಿಧಾನವಾಗಿ ಉಫ್ ಎಂದು ಊದಿ, ನನ್ನ ಕಡೆ ತಿರುಗಿ, ಸಮಾಧಾನ ಹೇಳುವ ದನಿಯಲ್ಲಿ ಅಂದರು:

"ಎಲ್ಲಾ ಚಲೋ ಆತು ಬಿಡ್ರಿ. ಆದ್ರ ಒಂದು ಮಾತು, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಮಾಡಿದ ಸುಮುಖಗಿಂತ ನಮ್ಮ ಮನಿಯವರು ಮಾಡಿದ ಸುಮುಖನ ಭಾಳ ಚಲೋ ಇದ್ದ."

ನಾನಾಗಿರುವ ಸ್ಪರ್ಧೆಯಲ್ಲೂ ನನಗೆ ಎರಡನೇ ಬಹುಮಾನ!